ಹರೆಯದ ಕುದುರೆಗೆ ಯಾವ ಕಡಿವಾಣ?

ಇಂದಿನ ಪತ್ರಿಕೆಗಳ ಕನ್ನಡದಲ್ಲಿ ಕಡಿವಾಣಕ್ಕೆ ಒಂದೇ ಕೆಲಸ ಉಳಿದಿದೆ. ಬೆಲೆ ಏರಿಕೆಗೆ ಕಡಿವಾಣ, ಅಕ್ರಮ ಗಣಿಗಾರಿಕೆಗೆ ಕಡಿವಾಣ, ನಾಲಿಗೆಗೆ ಕಡಿವಾಣ. ಎಲ್ಲ ಕಡೆಯೂ ಅದರ ಅರ್ಥ ತಡೆಯುವುದು, ಅದುಮುವುದು, ನಿಲ್ಲಿಸುವುದು. ಈ ಅರ್ಥವೇ ರೂಢಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಮೈಸೂರಿನ ಹೆಬ್ಬಾಳದಂತಹ ಬಡಾವಣೆಯಲ್ಲಿ, ಕಾರ್ಖಾನೆಗಳ ಮತ್ತು ತಂತ್ರಾಂಶ ಸಂಸ್ಥೆಗಳ ನಡುವೆ ಬೆಳೆದ ವಿದ್ಯಾರ್ಥಿಗೆ ಕುದುರೆಯೆಂದರೆ ದಸರಾ ಮೆರವಣಿಗೆಯ ಪೊಲೀಸ್ ಅಶ್ವದಳ. ಇಲ್ಲವೇ ಅರಮನೆಯ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗುವ ಟಾಂಗಾ. ಕುದುರೆಯ ಬಾಯೊಳಗೆ ಏನಿದೆ ಎಂದು ನೋಡುವ ಸಂದರ್ಭ ಅವನಿಗೆ ಒದಗುವುದೇ ಇಲ್ಲ.

ಆದರೆ ಅದೇ ವಿದ್ಯಾರ್ಥಿ ಹಳಗನ್ನಡ ಕಾವ್ಯವನ್ನು ಕೈಗೆತ್ತಿಕೊಂಡಾಗ ವಾಹ್ಯಾಳಿ, ಹಲ್ಲಣ, ವಾಘೆ, ಖಲೀನ, ಕಡಿವಾಣ ಎಂಬ ಪದಗಳು ಒಂದರ ಹಿಂದೊಂದು ಎದುರಾಗುತ್ತವೆ. ಪುಸ್ತಕದ ಕೊನೆಯ ಅರ್ಥಕೋಶ ಒಂದೊಂದಕ್ಕೂ ಒಂದೊಂದು ಪದದ ಅರ್ಥ ಕೊಟ್ಟು ಮುಂದೆ ಸಾಗುತ್ತದೆ. ಜೈನ ಗ್ರಂಥಗಳಲ್ಲಿ ಇಂದ್ರಿಯಗಳು ಕುದುರೆಗಳಾಗಿ, ಸಂಯಮವು ಅವುಗಳ ಕಡಿವಾಣವಾಗಿ ಬಂದಾಗ ಓದುಗನ ಮನಸ್ಸಿನಲ್ಲಿ ಕೆಲಸ ಮಾಡುವುದು ಪತ್ರಿಕೆಯ ಅರ್ಥವೇ. ಜೈನ ಸಂಯಮವೆಂದರೆ ದೇಹವನ್ನು ಹಿಂಸಿಸುವ ದಮನ ಎಂಬ, ವಿಮರ್ಶೆಯಲ್ಲಿ ಆಗಾಗ ಕಾಣಿಸಿಕೊಳ್ಳುವ ಮಾತಿಗೆ ಈ ತಪ್ಪು ಓದೂ ಒಂದು ಕಾರಣ. ಉಪಮಾನದ ವಸ್ತುವನ್ನು ಅರಿಯದೆ ಉಪಮೇಯದ ಬಗ್ಗೆ ತೀರ್ಪು ಕೊಡುವುದು ಸಾಹಿತ್ಯದ ವಿದ್ಯಾರ್ಥಿಗೆ ತಕ್ಕುದಲ್ಲ. ಆದ್ದರಿಂದ ಮೊದಲು ಕುದುರೆಯ ಬಾಯಿಯನ್ನೇ ನೋಡಬೇಕು.

ಬಾಯೊಳಗಿನ ಸಂಗತಿ

ಕುದುರೆಯ ಕೆಳದವಡೆಯಲ್ಲಿ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಅಂತರವಿದೆ. ಕಡಿವಾಣದ ಕಂಬಿ ಕೂರುವುದು ಅಲ್ಲಿ. ಆ ಜಾಗದಲ್ಲಿ ದವಡೆಯ ಎಲುಬಿನ ಅಂಚಿನ ಮೇಲೆ ಇರುವುದು ತೆಳುವಾದ ವಸಡಿನ ಹೊದಿಕೆಯಷ್ಟೆ. ಕಂಬಿಯ ಕೆಳಗೆ ನಾಲಿಗೆ, ಮೇಲೆ ಅಂಗುಳ, ಎರಡು ಬದಿಗಳಲ್ಲಿ ತುಟಿಯ ಮೂಲೆಗಳು. ಇಡೀ ಬಾಯಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಜಾಗ ಮತ್ತೊಂದಿಲ್ಲ. ಸವಾರನ ಕೈಯ ಸಣ್ಣ ಚಲನೆಯೂ ವಾಘೆಯ ಮೂಲಕ ಅಲ್ಲಿಗೆ ತಲುಪುತ್ತದೆ. ಕಂಬಿ ತೆಳುವಾದಷ್ಟೂ ಒತ್ತಡ ಕಿರಿದಾದ ಜಾಗದಲ್ಲಿ ಸೇರಿ ಕೊಯ್ಯುತ್ತದೆ. ದಪ್ಪವಾದಂತೆ ಹರಡಿ ಮೃದುವಾಗುತ್ತದೆ. ಆದರೆ ದಪ್ಪಕ್ಕೂ ಮಿತಿಯುಂಟು. ನಾಲಿಗೆ ದಪ್ಪಗಿದ್ದು ಅಂಗುಳ ತಗ್ಗಾಗಿರುವ ಕುದುರೆಗೆ ಬಹಳ ದಪ್ಪನೆಯ ಕಂಬಿ ಬಾಯಿ ತುಂಬಿದ ತುತ್ತಿನಂತೆ ಕಾಡುತ್ತದೆ.

ಕಡಿವಾಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸ್ನ್ಯಾಫಲ್. ಇದರಲ್ಲಿ ವಾಘೆ ನೇರವಾಗಿ ಕಂಬಿಯ ಬದಿಯ ಬಳೆಗೆ ಸೇರುತ್ತದೆ. ಕೈ ಎಳೆದಷ್ಟೇ ಬಾಯಿಗೆ ತಾಗುತ್ತದೆ. ಎರಡನೆಯದು ಕರ್ಬ್. ಇದರಲ್ಲಿ ಕಂಬಿಯ ಎರಡು ಬದಿಗಳಲ್ಲೂ ಉದ್ದನೆಯ ತೋಳುಗಳಿದ್ದು ವಾಘೆ ಅವುಗಳ ಕೆಳತುದಿಗೆ ಕಟ್ಟಿರುತ್ತದೆ. ಗದ್ದದ ಕೆಳಗೆ ಸರಪಳಿಯೊಂದು ಹಾಯುತ್ತದೆ. ಇದು ಸನ್ನೆಗೋಲಿನ ತತ್ತ್ವ. ಕಂಬಿಯಿಂದ ಮೇಲಿನ ತೋಳು 4 ಸೆಂಟಿಮೀಟರ್, ಕೆಳಗಿನ ತೋಳು 12 ಸೆಂಟಿಮೀಟರ್ ಇದ್ದರೆ ಸವಾರನ ಸೆಳೆತ ಗದ್ದದ ಸರಪಳಿಯಲ್ಲಿ ಸುಮಾರು ಮೂರು ಪಟ್ಟಾಗುತ್ತದೆ. ಪಳಗಿದ ಕುದುರೆಯ ಮೇಲೆ ಪಳಗಿದ ಕೈಯುಳ್ಳವನು ಇದನ್ನು ಹಿಡಿದರೆ ಬೆರಳ ತುದಿಯ ಸೂಚನೆ ಸಾಕಾಗುತ್ತದೆ. ಅದೇ ಕಡಿವಾಣ ಒರಟು ಕೈಗೆ ಸಿಕ್ಕಿದರೆ ದವಡೆಯ ಎಲುಬಿಗೇ ಪೆಟ್ಟಾಗಬಲ್ಲದು.

ಅಳತೆಯೂ ಅಷ್ಟೇ ಮುಖ್ಯ. ಅಗಲ ಕಡಿಮೆಯಾದರೆ ಬಳೆ ತುಟಿಯನ್ನು ಚಿವುಟುತ್ತದೆ. ಹೆಚ್ಚಾದರೆ ಕಂಬಿ ಆಚೀಚೆ ಸರಿದು ಸೂಚನೆ ಗೊಂದಲವಾಗುತ್ತದೆ. ತುಟಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಕಾಣುವಷ್ಟು ಎತ್ತರದಲ್ಲಿ ಕಂಬಿ ನಿಲ್ಲಬೇಕೆಂಬುದು ಲಾಯಗಳಲ್ಲಿ ಬಳಕೆಯಲ್ಲಿರುವ ಅಂದಾಜು. ಆದರೂ ಕೊನೆಯ ಮಾತು ಕುದುರೆಯದೇ. ಕಂಬಿಯನ್ನು ಮೆಲ್ಲಗೆ ಚಪ್ಪರಿಸುತ್ತ ದವಡೆ ಸಡಿಲಿಸಿದರೆ ಅದು ಒಪ್ಪಿತೆಂದರ್ಥ. ತಲೆ ಎತ್ತಿ ಎಸೆದರೆ, ಬಾಯಿ ತೆರೆದರೆ, ನಾಲಿಗೆಯನ್ನು ಕಂಬಿಯ ಮೇಲೆ ಹಾಕಲು ಯತ್ನಿಸಿದರೆ ಎಲ್ಲೋ ತಪ್ಪಾಗಿದೆ.

ಬಲಕ್ಕೆ ಬಲವೇ ಮದ್ದೇ?

ಈಗ ಮುಖ್ಯ ಪ್ರಶ್ನೆ. ಮೂರು ನಾಲ್ಕು ವರ್ಷದ, ಮೈಯಲ್ಲಿ ಕಸುವು ತುಂಬಿದ, ವಾಘೆಯನ್ನು ಎಳೆದುಕೊಂಡು ಮುನ್ನುಗ್ಗುವ ಕುದುರೆಯೊಂದಿದೆ. ಅದಕ್ಕೆ ಯಾವ ಕಡಿವಾಣ? ಅನುಭವವಿಲ್ಲದವನು ಥಟ್ಟನೆ ಹೇಳುವ ಉತ್ತರವೆಂದರೆ, ಬಲಿಷ್ಠ ಕುದುರೆಗೆ ಬಲಿಷ್ಠ ಕಡಿವಾಣ. ಈ ಉತ್ತರ ಕೇಳಲು ನ್ಯಾಯವಾಗಿ ತೋರುತ್ತದೆ. ಪರೀಕ್ಷಿಸಿದರೆ ನಿಲ್ಲುವುದಿಲ್ಲ.

ಬೆಳೆದ ಕುದುರೆಯ ತೂಕ ಸುಮಾರು 400ರಿಂದ 500 ಕಿಲೋ. ಅದನ್ನು ತೋಳಿನ ಬಲದಿಂದ ಹಿಡಿದು ನಿಲ್ಲಿಸಬಲ್ಲ ಮನುಷ್ಯನಿಲ್ಲ. ಆದ್ದರಿಂದ ಕಡಿವಾಣ ಕೆಲಸ ಮಾಡುವುದಕ್ಕೆ ಇರುವ ದಾರಿಗಳು ಎರಡೇ: ಕುದುರೆ ಅದರ ಸೂಚನೆಯನ್ನು ಅರಿತು ಒಪ್ಪಬೇಕು, ಇಲ್ಲವೇ ನೋವಿಗೆ ಹೆದರಬೇಕು. ಕುದುರೆಯಾದರೋ ಓಡಿ ಬದುಕುವ ಪ್ರಾಣಿ. ಹುಲ್ಲುಗಾವಲಿನಲ್ಲಿ ಅಪಾಯ ಕಂಡಾಗ ಓಡುವುದೇ ಅದರ ರಕ್ಷಣೆ. ನೋವು ಕೊಟ್ಟರೆ ಅದು ನೋವಿನಿಂದ ದೂರ ಓಡಲೆಳಸುತ್ತದೆ. ಓಡುವ ಕುದುರೆಯನ್ನು ನಿಲ್ಲಿಸಲು ಹಾಕಿದ ಕಠೋರ ಕಂಬಿಯೇ ಓಡುವುದಕ್ಕೆ ಕಾರಣವಾಗುತ್ತದೆ. ಮತ್ತೂ ಬಿಗಿದರೆ ವಸಡು ಗಾಯಗೊಂಡು, ಗಾಯ ಮಾಗಿ, ಕಾಲಕ್ರಮದಲ್ಲಿ ಆ ಜಾಗವೇ ಜಡವಾಗುತ್ತದೆ. ಬಾಯಿ ಗಟ್ಟಿಯಾದ ಕುದುರೆ ಎಂದು ಜನ ದೂರುವುದು ಬಹುಮಟ್ಟಿಗೆ ಹೀಗೆ ಮನುಷ್ಯರೇ ಗಟ್ಟಿಮಾಡಿದ ಬಾಯಿಯನ್ನು.

ಹರೆಯದ ಕುದುರೆಯ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಎರಡೂವರೆ ವರ್ಷದಿಂದ ನಾಲ್ಕೂವರೆ ವರ್ಷದವರೆಗೆ ಅದರ ಹಾಲುಹಲ್ಲುಗಳು ಉದುರಿ ಹೊಸ ಹಲ್ಲುಗಳು ಬರುತ್ತಿರುತ್ತವೆ. ಗಂಡು ಕುದುರೆಗೆ ನಾಲ್ಕೈದು ವರ್ಷದ ಹೊತ್ತಿಗೆ ಕೋರೆಹಲ್ಲು ಮೂಡುತ್ತದೆ. ಕೆಲವಕ್ಕೆ ದವಡೆಹಲ್ಲುಗಳ ಮುಂದೆ ಪುಟ್ಟದೊಂದು ಹಲ್ಲು ಎದ್ದು ಕಂಬಿಗೆ ತಾಗುತ್ತದೆ. ಬಾಯಿ ಪೂರ್ಣವಾಗುವುದು ಐದನೆಯ ವರ್ಷಕ್ಕೆ. ಎಂದರೆ ಸವಾರಿಯ ಮೊದಲ ಪಾಠ ನಡೆಯುವ ಕಾಲವೂ ಬಾಯಿ ನೋಯುವ ಕಾಲವೂ ಒಂದೇ. ಈ ನೋವಿನಿಂದ ತಲೆ ಕೊಡಹುವ ಎಳೆಯ ಕುದುರೆಯನ್ನು ಹಟಮಾರಿ ಎಂದು ಕರೆದು ಮತ್ತಷ್ಟು ಕಠಿಣ ಕಂಬಿ ಹಾಕುವುದು ಅಜ್ಞಾನ. ತಿಳಿದೂ ಹಾಕಿದರೆ ಕ್ರೌರ್ಯ.

ಬಲ್ಲವನು ಕಡಿವಾಣ ಬದಲಿಸುವ ಮೊದಲು ಬೇರೆ ಪ್ರಶ್ನೆಗಳನ್ನು ಕೇಳುತ್ತಾನೆ. ಹಲ್ಲು ಪರೀಕ್ಷೆಯಾಗಿದೆಯೇ? ಹಲ್ಲಣ ಬೆನ್ನಿಗೆ ಒತ್ತುತ್ತಿದೆಯೇ? ದಾಣಿ ಹೆಚ್ಚಾಗಿ ಕೆಲಸ ಕಡಿಮೆಯಾಗಿದೆಯೇ? ಸವಾರ ತನ್ನ ಸಮತೋಲಕ್ಕಾಗಿ ವಾಘೆಯನ್ನೇ ಆಧಾರ ಮಾಡಿಕೊಂಡಿದ್ದಾನೆಯೇ? ಇವೆಲ್ಲ ಸರಿಯಿದ್ದ ಮೇಲೆ ಅವನು ಆರಿಸುವುದು ನಯವಾದ, ಸಾಕಷ್ಟು ದಪ್ಪನೆಯ, ಕೀಲುಳ್ಳ ಸ್ನ್ಯಾಫಲ್. ಅದರೊಂದಿಗೆ ಕೊಡುವುದು ಬಹಳ ದಿನಗಳ ತಾಳ್ಮೆಯ ಪಾಠ: ಸೂಚನೆ, ಕುದುರೆ ಸ್ಪಂದಿಸಿದ ಕ್ಷಣವೇ ಸಡಿಲಿಕೆ, ಮತ್ತೆ ಸೂಚನೆ. ಕುದುರೆ ಕಲಿಯುವುದು ಸಡಿಲಿಕೆಯಿಂದ. ಸಡಿಲಿಸಲು ಬಾರದ ಕೈಯಲ್ಲಿ ಯಾವ ಕಡಿವಾಣವೂ ಒಳ್ಳೆಯದಾಗದು.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೊನ್ ಕುದುರೆ ಸವಾರಿಯ ಕುರಿತ ತನ್ನ ಗ್ರಂಥದಲ್ಲಿ ಸವಾರನ ಬಳಿ ಕನಿಷ್ಠ ಎರಡು ಕಡಿವಾಣಗಳಿರಬೇಕೆಂದು ಹೇಳುತ್ತಾನೆ, ಒಂದು ನಯವಾದದ್ದು, ಒಂದು ಒರಟಾದದ್ದು. ಒರಟಾದುದರ ಅನುಭವವಾದ ಕುದುರೆ ನಯವಾದುದರ ಬೆಲೆಯನ್ನು ಅರಿಯುತ್ತದೆಂಬುದು ಅವನ ತರ್ಕ. ಇದು ಪೂರ್ತಿ ಒಪ್ಪತಕ್ಕ ಮಾತಲ್ಲ. ಆದರೂ ಅವನ ದೃಷ್ಟಿಯಲ್ಲಿ ಕಲಿಕೆಯ ಗುರಿ ನಯವಾದ ಕಡಿವಾಣದತ್ತ ಸಾಗುವುದು ಎಂಬುದು ಗಮನಾರ್ಹ. ಒರಟಿನಲ್ಲೇ ಉಳಿದವನು ಅವನ ಲೆಕ್ಕದಲ್ಲೂ ಸೋತ ಶಿಕ್ಷಕನೇ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಯುದ್ಧದಲ್ಲಿ ಕುದುರೆ ಕ್ಷಣಾರ್ಧದಲ್ಲಿ ನಿಲ್ಲದಿದ್ದರೆ ಸವಾರನ ಪ್ರಾಣವೇ ಹೋಗುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್‌ನಂತಹ ಪಡೆಗೆ ಮೃದುತ್ವದ ಪಾಠ ಹೇಳಲಾಗದು ಎಂಬುದು ಒಂದು. ಆದರೆ ಒಂದು ಕೈಯಲ್ಲಿ ಭರ್ಜಿ ಹಿಡಿದು ಇನ್ನೊಂದೇ ಕೈಯಲ್ಲಿ ವಾಘೆ ನಡೆಸಬೇಕಾದ ಸವಾರನಿಗೆ ಸಣ್ಣ ಸೂಚನೆಗೆ ತಿರುಗುವ ಕುದುರೆಯೇ ಬೇಕು. ಅಂಥದು ದೀರ್ಘ ಶಿಕ್ಷಣದಿಂದಲೇ ಸಿದ್ಧವಾಗಬೇಕು. ಲೋಹದ ಕಾಠಿಣ್ಯ ಅದನ್ನು ಒಂದು ದಿನದಲ್ಲಿ ಕೊಡಲಾರದು. ಕಡಿವಾಣವೇ ಬೇಡ, ಮೂಗಿನ ಪಟ್ಟಿಯಿಂದಲೇ ಕುದುರೆಯನ್ನು ನಡೆಸಬಹುದು ಎಂಬುದು ಇನ್ನೊಂದು. ಅದು ಸಾಧ್ಯವೇ. ಆದರೆ ಒರಟು ಕೈ ಮೂಗಿನ ಎಲುಬನ್ನೂ ನೋಯಿಸಬಲ್ಲದು. ಪ್ರಶ್ನೆ ಮತ್ತೆ ಕೈಗೇ ಬಂದು ನಿಲ್ಲುತ್ತದೆ.

ಶಾಸ್ತ್ರಗಳ ಸಾಕ್ಷ್ಯ

ಭಾರತದ ಶಾಸ್ತ್ರಪರಂಪರೆ ಈ ವಿವೇಕವನ್ನು ಅರಿತಿತ್ತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ತಾಳೆಗರಿ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕುರಿತೇ ಒಂದು ಅಧ್ಯಾಯವಿದೆ. ಅಲ್ಲಿ ಕುದುರೆಗಳನ್ನು ಸ್ವಭಾವದ ಮೇಲೆ ತೀಕ್ಷ್ಣ, ಭದ್ರ, ಮಂದ ಎಂದು ವಿಂಗಡಿಸಿ, ಅದಕ್ಕೆ ತಕ್ಕಂತೆ ಯುದ್ಧಕ್ಕೋ ಸವಾರಿಗೋ ತೊಡಗಿಸಬೇಕೆಂದು ಹೇಳಿದೆ. ಕಟ್ಟುವ ಸಾಧನಗಳನ್ನು ನಿರ್ದೇಶಿಸುವ ಅಧಿಕಾರವನ್ನು ಕುದುರೆಗೆ ಶಿಕ್ಷಣ ಕೊಡುವ ಆಚಾರ್ಯರಿಗೆ ಒಪ್ಪಿಸಿದೆ. ಸ್ವಭಾವವನ್ನು ಮೊದಲು ಅರಿ, ಸಾಧನವನ್ನು ಆಮೇಲೆ ಆರಿಸು, ಆರಿಸುವ ಕೆಲಸವನ್ನು ಕಲಿಸುವವನಿಗೆ ಬಿಡು ಎಂಬ ಕ್ರಮ ಇಲ್ಲಿ ಸ್ಪಷ್ಟವಾಗಿದೆ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ತುರಗವಾಹ್ಯಾಳಿಯನ್ನು ರಾಜವಿನೋದಗಳಲ್ಲಿ ಒಂದಾಗಿ ವರ್ಣಿಸುತ್ತದೆ. ಕನ್ನಡದಲ್ಲಿಯೇ ಜೈನ ಕವಿ ಅಭಿನವಚಂದ್ರ ಸುಮಾರು 1400ರಲ್ಲಿ ಅಶ್ವವೈದ್ಯವನ್ನು ಬರೆದನು. ಅವನಿಗಿಂತ ಮೊದಲೇ, 12ನೆಯ ಶತಮಾನದ ಆರಂಭದ ಹೊತ್ತಿಗೆ, ಚಾಲುಕ್ಯ ವಂಶದ ಜೈನ ಲೇಖಕ ಕೀರ್ತಿವರ್ಮ ಗೋವೈದ್ಯವನ್ನು ರಚಿಸಿದ್ದನು. ಪ್ರಾಣಿಗಳ ಶರೀರವನ್ನು ಕುರಿತ ಈ ಕನ್ನಡ ಗ್ರಂಥಗಳ ಕರ್ತೃಗಳು ಜೈನರಾಗಿರುವುದು ಕೇವಲ ಆಕಸ್ಮಿಕವೆನಿಸುವುದಿಲ್ಲ. ಆದರೆ ಸಾಹಿತ್ಯಚರಿತ್ರೆಯ ಪುಸ್ತಕಗಳಲ್ಲಿ ಇವರಿಗೆ ಸಿಗುವುದು ಒಂದೆರಡು ಸಾಲು. ಶಾಸ್ತ್ರಸಾಹಿತ್ಯವೆಂಬ ಶೀರ್ಷಿಕೆಯ ಕೆಳಗೆ ಹೆಸರು, ಕಾಲ, ಮತ ಬರೆದು ಮುಗಿಸುವ ಪದ್ಧತಿ ಬೇರೂರಿಬಿಟ್ಟಿದೆ.

ಚಂದ್ರಗಿರಿಯ ಒಂದು ಕಂಬ

ಈ ಉಪೇಕ್ಷೆಯಿಂದ ಏನು ನಷ್ಟವಾಗಿದೆ ಎಂಬುದಕ್ಕೆ ಶ್ರವಣಬೆಳಗೊಳದ ಚಂದ್ರಗಿರಿಯ ಒಂದು ಕಂಬಶಾಸನ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮೊಮ್ಮಗ ಇಂದ್ರರಾಜನು 982ರಲ್ಲಿ ಅಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದನ್ನು ಅದು ತಿಳಿಸುತ್ತದೆ. 973ರಲ್ಲಿ ತೈಲಪನ ಕೈಯಲ್ಲಿ ರಾಷ್ಟ್ರಕೂಟ ರಾಜ್ಯ ಕುಸಿದಿತ್ತು. ಇಂದ್ರನನ್ನು ಮತ್ತೆ ಸಿಂಹಾಸನದಲ್ಲಿ ಕೂರಿಸಲು ಹೋರಾಡಿದ ಗಂಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ತಾನೇ ಸಲ್ಲೇಖನ ಕೈಗೊಂಡಿದ್ದನು. ರಾಜ್ಯವಿಲ್ಲದ ರಾಜನ ಕೊನೆಯನ್ನು ಹೇಳುವ ಶಾಸನದಲ್ಲಿ ಯುದ್ಧಗಳ ವರ್ಣನೆಯನ್ನೂ ದಾನಗಳ ಪಟ್ಟಿಯನ್ನೂ ಓದುಗ ನಿರೀಕ್ಷಿಸುತ್ತಾನೆ. ಆದರೆ ಶಾಸನಕವಿ ಪದ್ಯದ ಮೇಲೆ ಪದ್ಯ ಬರೆಯುವುದು ಇಂದ್ರನು ಕುದುರೆಯ ಮೇಲೆ ಕುಳಿತು ಆಡುತ್ತಿದ್ದ ಚೆಂಡಾಟದ ನೈಪುಣ್ಯವನ್ನು ಕುರಿತು. ಒಳಕ್ಕೆ, ಹೊರಕ್ಕೆ, ಎಡಕ್ಕೆ, ಬಲಕ್ಕೆ ತಿರುಗುವ ಬಗೆಗಳು, ಅವುಗಳಲ್ಲಿ ಸುಲಭವಾದವು ಯಾವುವು, ಕಠಿಣವಾದವು ಯಾವುವು ಎಂಬ ವಿವರಗಳು ಅಲ್ಲಿವೆ.

ಈ ಪದ್ಯಗಳನ್ನು ವಿದ್ವಾಂಸರು ಆಟದ ಚರಿತ್ರೆಗೆ ಆಕರವಾಗಿ ಬಳಸಿದ್ದಾರೆ. ಸಲ್ಲೇಖನದ ಶಾಸನದಲ್ಲಿ ಅವು ಏಕಿವೆ ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಕುದುರೆಯ ಬಾಯಿಯನ್ನು ಬಲ್ಲವನಿಗೆ ಉತ್ತರ ದೂರವಿಲ್ಲ. ಓಡುವ ಕುದುರೆಯನ್ನು ಕಿರಿದಾದ ಜಾಗದಲ್ಲಿ ಒಳಕ್ಕೂ ಹೊರಕ್ಕೂ ತಿರುಗಿಸುವುದು ಬಿಗಿದ ಕೈಗೆ ಸಾಧ್ಯವಿಲ್ಲ. ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ಅಳತೆ ಮೈಗೂಡಿರಬೇಕು. ಸಲ್ಲೇಖನವೂ ಅಳತೆಯ ಸಾಧನೆಯೇ. ಅದು ಆಹಾರವನ್ನು ಒಮ್ಮೆಗೇ ತೊರೆಯುವ ಹಟವಲ್ಲ. ಕಷಾಯಗಳನ್ನು ತೆಳುವಾಗಿಸುತ್ತ, ನಿರ್ಯಾಪಕ ಗುರುವಿನ ಕಣ್ಣ ಮುಂದೆ, ಮೆಟ್ಟಿಲು ಮೆಟ್ಟಿಲಾಗಿ ನಡೆಯತಕ್ಕದ್ದು. ಕುದುರೆಯ ಮೇಲೆ ಅಳತೆ ಕಲಿತವನು ತನ್ನ ಮೇಲೆ ಅದನ್ನು ನಡೆಸಿದನು ಎಂದು ಆ ಶಾಸನವನ್ನು ಓದಲು ಅವಕಾಶವಿದೆ. ಹಾಗೆ ಓದಿದರೆ ಆಟದ ಪದ್ಯಗಳೂ ಮರಣದ ಪದ್ಯವೂ ಒಂದೇ ವ್ಯಕ್ತಿಯ ಚಿತ್ರವಾಗುತ್ತವೆ.

ಇಂದ್ರಿಯಗಳ ಕಡಿವಾಣ

ಈ ಓದಿಗೆ ಗ್ರಂಥಗಳ ಬೆಂಬಲವೂ ಇದೆ. ಶಿವಾರ್ಯರ ಭಗವತೀ ಆರಾಧನೆ ಸಮಾಧಿಮರಣವನ್ನು ಕುರಿತ ಪ್ರಾಕೃತ ಗ್ರಂಥ. ವಡ್ಡಾರಾಧನೆಯ 19 ಕತೆಗಳು ಬೆಳೆದದ್ದು ಅದರ ಗಾಹೆಗಳ ನೆರಳಿನಲ್ಲಿ. ಅಡ್ಡದಾರಿ ಹಿಡಿದ ಕುದುರೆಗಳನ್ನು ಖಲೀನದಿಂದ ಹಿಡಿಯುವಂತೆ ದುರ್ದಾಂತ ಇಂದ್ರಿಯಗಳನ್ನು ದಮ ಮತ್ತು ಜ್ಞಾನವೆಂಬ ಖಲೀನಗಳಿಂದ ಹಿಡಿಯಬೇಕು ಎಂಬ ಭಾವ ಅಲ್ಲಿ ಬರುತ್ತದೆ. ದಮ ಒಂದನ್ನೇ ಹೇಳಿದ್ದರೆ ಪತ್ರಿಕೆಯ ಅರ್ಥ ಸಾಕಾಗುತ್ತಿತ್ತು. ಜ್ಞಾನವನ್ನು ಅದರ ಜೊತೆಗೆ ಇಟ್ಟದ್ದರಿಂದ ಕಡಿವಾಣ ತಿಳಿವಳಿಕೆಯ ಸಾಧನವೂ ಆಯಿತು. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನ ಸೂತ್ರದ 23ನೆಯ ಅಧ್ಯಯನದಲ್ಲಿ ಕೇಶಿಯು ಗೌತಮನನ್ನು ಕೇಳುವ ಪ್ರಶ್ನೆಯೂ ಕುದುರೆಯದೇ: ಇಂತಹ ಉದ್ಧತ ಕುದುರೆಯ ಮೇಲೆ ಕುಳಿತೂ ನೀನು ದಾರಿ ತಪ್ಪದಿರುವುದು ಹೇಗೆ? ಆ ಕುದುರೆ ಮನಸ್ಸೆಂದೂ, ಅದರ ವಾಘೆ ಶ್ರುತವೆಂದೂ, ಧರ್ಮದ ಶಿಕ್ಷಣದಿಂದ ಅದು ಜಾತ್ಯಶ್ವವಾಯಿತೆಂದೂ ಗೌತಮನ ಉತ್ತರ. ಕಠೋಪನಿಷತ್ತಿನ ಪ್ರಸಿದ್ಧ ರೂಪಕದಲ್ಲಿ ಸಾರಥಿ ರಥದಲ್ಲಿ ಕುಳಿತು ದೂರದಿಂದ ಕುದುರೆಗಳನ್ನು ನಡೆಸುತ್ತಾನೆ. ಇಲ್ಲಿ ಸವಾರನು ಕುದುರೆಯ ಬೆನ್ನ ಮೇಲೆಯೇ ಇದ್ದಾನೆ. ಅದರ ನಡುಕ ಅವನ ಮೈಗೆ ತಿಳಿಯುತ್ತದೆ. ಇಬ್ಬರೂ ಉಳಿಯಬೇಕಾದರೆ ಒಬ್ಬರನ್ನೊಬ್ಬರು ಅರಿಯಲೇಬೇಕು.

ರೂಪಕದಾಚೆಗೂ ಜೈನಾಚಾರಕ್ಕೆ ಇಲ್ಲಿ ಹೇಳಲಿಕ್ಕಿದೆ. ಗೃಹಸ್ಥನ ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕೊಯ್ಯುವುದು, ಮಿತಿಮೀರಿ ಹೊರಿಸುವುದು, ಮೇವು ನೀರು ತಡೆಯುವುದು. ಇದು ಕೊಟ್ಟಿಗೆ ಮತ್ತು ಲಾಯಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ ಪಟ್ಟಿ. ಮುಳ್ಳಿನ ಕಡಿವಾಣ ಛೇದದಲ್ಲಿ ಸೇರುತ್ತದೆ ಎಂಬುದಕ್ಕೆ ವ್ಯಾಖ್ಯಾನ ಬೇಕಿಲ್ಲ. ಇದೇ ಮಾತನ್ನು ಭಾರತದ ಕಾನೂನು ಬಹಳ ತಡವಾಗಿ ಹೇಳಿತು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ರಚಿತವಾದ 1965ರ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳು ಮುಳ್ಳು, ಗುಬುಟುಗಳುಳ್ಳ ಕಡಿವಾಣವನ್ನು ನಿಷೇಧಿಸಿವೆ. ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ ವಿಧಿಸಿವೆ. ಟಾಂಗಾ ನಡೆಸುವವನಿಗೂ ಅದರಲ್ಲಿ ಕೂರುವವನಿಗೂ ಈ ನಿಯಮ ತಿಳಿದಿರಬೇಕು.

ಒಂದು ಇಕ್ಕಟ್ಟನ್ನು ಮಾತ್ರ ಮರೆಮಾಚಲಾಗದು. ಅಣುವ್ರತವನ್ನು ಗೌರವಿಸಿದ ಜೈನ ಅರಸರೂ ದಂಡನಾಯಕರೂ ಕುದುರೆಗಳನ್ನು ಯುದ್ಧಕ್ಕೆ ಒಯ್ದರು. ಅವು ರಣದಲ್ಲಿ ಸತ್ತವು. ಶಾಸ್ತ್ರದ ವಿವೇಕ ಅದನ್ನು ತಪ್ಪಿಸಲಿಲ್ಲ. ಹಾಗೆಂದು ವಿವೇಕವೇ ಸುಳ್ಳಾಗುವುದಿಲ್ಲ. ಆಚರಣೆ ಎಲ್ಲಿ ಆದರ್ಶಕ್ಕಿಂತ ಹಿಂದೆ ಬಿದ್ದಿತು ಎಂದು ಅಳೆಯುವುದಕ್ಕೂ ಆದರ್ಶ ಏನಿತ್ತೆಂದು ಸರಿಯಾಗಿ ತಿಳಿಯಬೇಕು.

ಮಾಡಬೇಕಾದ ಕೆಲಸ

ಕಡಿವಾಣವೆಂಬ ಪದದಲ್ಲಿಯೇ ಒಂದು ಸೂಚನೆಯಿದೆ. ಪಾರಸಿಯಿಂದ ಬಂದ ಲಗಾಮು, ಪ್ರಾಕೃತದ ಮೂಲಕ ಬಂದ ವಾಘೆ ಸವಾರನ ಕೈಯಲ್ಲಿರುವ ವಸ್ತುಗಳು. ಕಡಿವಾಣದ ಮೊದಲ ಭಾಗ ಕಡಿ ಎಂಬ ಅಚ್ಚಗನ್ನಡ ಧಾತು, ಮತ್ತು ಕಡಿಯುವುದು ಕುದುರೆ. ಹಿಡಿಯುವವನ ಕಡೆಯಿಂದ ನೋಡದೆ ಬಾಯಲ್ಲಿ ಇಟ್ಟುಕೊಳ್ಳುವ ಪ್ರಾಣಿಯ ಕಡೆಯಿಂದ ಕನ್ನಡಿಗರು ಆ ವಸ್ತುವಿಗೆ ಹೆಸರಿಟ್ಟರು. ಇಂದಿನ ನುಡಿಗಟ್ಟು ಆ ಬಾಯಿಯನ್ನು ಮರೆತು ಕೈಯನ್ನಷ್ಟೇ ಉಳಿಸಿಕೊಂಡಿದೆ.

ಅಭಿನವಚಂದ್ರನ ಕೃತಿಯನ್ನು ಕನ್ನಡ ವಿಭಾಗವೊಂದು ಪಶುವೈದ್ಯರೊಡನೆ ಕುಳಿತು, ಪ್ರತಿ ಪಾರಿಭಾಷಿಕ ಪದಕ್ಕೂ ಟಿಪ್ಪಣಿ ಬರೆದು ಸಂಪಾದಿಸಬೇಕು. ಶಾಸನಗಳ ಕುದುರೆಯ ಪದಗಳನ್ನು ಲಾಯದಲ್ಲಿ ಕೆಲಸ ಮಾಡುವವರ ಮಾತಿನೊಂದಿಗೆ ಹೋಲಿಸಿ ನೋಡಬೇಕು. ಮೈಸೂರಿನಲ್ಲಿ ಪೊಲೀಸ್ ಅಶ್ವದಳವಿದೆ, ಕುದುರೆ ಪಂದ್ಯದ ಮೈದಾನವಿದೆ, ಟಾಂಗಾ ಹೊಡೆಯುವ ಕುಟುಂಬಗಳು ಇನ್ನೂ ಇವೆ. ಹೆಬ್ಬಾಳದಿಂದ ಅಲ್ಲಿಗೆ ನಗರ ಸಾರಿಗೆ ಬಸ್ಸಿನ ದೂರ. ಸಂಯಮದ ಬಗ್ಗೆ ಪ್ರಬಂಧ ಬರೆಯಹೊರಟ ವಿದ್ಯಾರ್ಥಿ ಒಂದು ಬೆಳಿಗ್ಗೆ ಅಲ್ಲಿ ನಿಂತು, ಎಳೆಯ ಕುದುರೆಯೊಂದು ಮೊದಲ ಬಾರಿಗೆ ಕಂಬಿಯನ್ನು ಬಾಯಿಗೆ ತೆಗೆದುಕೊಳ್ಳುವುದನ್ನು ನೋಡಬೇಕು. ಒಳ್ಳೆಯ ಶಿಕ್ಷಕ ಆಗ ವಾಘೆಯನ್ನು ಎಳೆಯುವುದಿಲ್ಲ. ಕುದುರೆ ಅದನ್ನು ಚಪ್ಪರಿಸಿ ತಿಳಿದುಕೊಳ್ಳುವವರೆಗೆ ಕಾಯುತ್ತಾನೆ.